ಡೋರ್ ಮೇಲೆ ಕಿತ್ತಳೆ ಸಿಪ್ಪೆ: ಮನೆಯಲ್ಲೇ ವಾಟರ್ ಪೇಪರ್ ಹೊಡೆದವರು ಅನುಭವ ಹೇಳಿ

ಕೇಳಿದವರು, ಬಳ್ಳಾರಿ: ಕಪ್ಪು ಕಾರು, 2017ರದ್ದು. ಆಟೊ ತಾಗಿ ಹಿಂದಿನ ಡೋರ್ ಪೇಂಟ್ ಮಾಡಿಸಿ ಮೂರು ತಿಂಗಳಾಯಿತು. ಬಿಸಿಲಲ್ಲಿ ನೋಡಿದರೆ ಕಿತ್ತಳೆ ಸಿಪ್ಪೆ ಥರ ಗುಳಿ ಗುಳಿ. ಮನೆಯಲ್ಲೇ ವಾಟರ್ ಪೇಪರಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ಮೆಷಿನ್‌ನಲ್ಲಿ ಬಫ್ ಮಾಡಿ ಹೊಳಪು ತರೋಣ ಅಂತಿದ್ದೇನೆ. 1500 ನಂಬರ್ ಪೇಪರಿಂದ ಶುರು ಮಾಡಬೇಕಾ, ಇನ್ನೂ ನಯವಾದ 2000 ಸಾಕಾ?

ತೋರಣಗಲ್ಲು: ಬೇಡ ಸರ್. ನನ್ನ ಸಿಲ್ವರ್ ಕಾರಿನ ಬಾನೆಟ್ ಕಥೆ ಕೇಳಿ. ವಾಟರ್ ಪೇಪರ್ ಹನ್ನೆರಡು ಹಾಳೆ 360. ರಬ್ಬರ್ ಬ್ಲಾಕ್ 80. ಬಫ್ ಮಾಡೋ ರೋಟರಿ ಮೆಷಿನ್ 3,450. ಉಣ್ಣೆ ಪ್ಯಾಡ್ 420. ಉಜ್ಜುವ ಪೇಸ್ಟ್ (ಕಂಪೌಂಡ್) 780. ಮಾಸ್ಕಿಂಗ್ ಟೇಪ್ 60, ಅದನ್ನು ತಂದೆ, ಹಚ್ಚಲಿಲ್ಲ. ಪೇಪರ್ ಕೆಲಸ ಚೆನ್ನಾಗಿಯೇ ಆಯಿತು. ಬಫ್ ಮಾಡುವಾಗ ಬಾನೆಟ್ ಗೆರೆ ಮೇಲೆ ಮೆಷಿನ್ ನಾಲ್ಕೇ ಸೆಕೆಂಡ್ ನಿಂತಿತು. ಸುಟ್ಟ ವಾಸನೆ. ಒರೆಸಿ ನೋಡಿದರೆ ಹೆಬ್ಬೆರಳಷ್ಟು ಜಾಗದಲ್ಲಿ ಬಣ್ಣದ ಕೆಳಗಿನ ಬೂದು ಪ್ರೈಮರ್. ಬಾನೆಟ್ ಮತ್ತೆ ಪೇಂಟ್ 5,500. ಒಟ್ಟು 10,650. ಶೆಡ್‌ನವನು ರಬ್ಬಿಂಗ್‌ಗೆ ಕೇಳಿದ್ದು ಬರೀ 2,500. ಹೆಂಡತಿ ಇವತ್ತಿಗೂ ಆ ಲೆಕ್ಕ ತೆಗೆಯುತ್ತಾಳೆ.

ಸಿಂಧನೂರು: ಎಲ್ಲರ ಕೈಯೂ ಹಾಗೇ ಇರಲ್ಲ. ನಾನು ಇಡೀ ಕಾರು ಮಾಡಿದೆ, ನಾಲ್ಕು ಭಾನುವಾರ. ಬಕೆಟ್‌ಗೆ ಎರಡು ಹನಿ ಶಾಂಪೂ, ಪೇಪರ್ ಅರ್ಧ ಗಂಟೆ ನೆನೆಸಿದ್ದು. 2000 ಅಡ್ಡ, 3000 ಉದ್ದ. ಅಂಚಿಗೆಲ್ಲ ಟೇಪ್. ಮೆಷಿನ್ ರೋಟರಿ ಅಲ್ಲ, ಡಿಎ (ಡ್ಯುಯಲ್ ಆಕ್ಷನ್). ಅದು ಸುತ್ತುತ್ತಾ ಅಲುಗುತ್ತದೆ, ಬೇಗ ಸುಡಲ್ಲ. ನನಗೆ 7,200 ಬಿತ್ತು, ಒಂದು ರೂಪಾಯಿ ದಂಡ ಆಗಲಿಲ್ಲ. ಮೊನ್ನೆ ಮದುವೆಗೆ ಹೋದಾಗ ಹೊಸ ಕಾರಾ ಅಂತ ಮೂರು ಜನ ಕೇಳಿದರು. ಮೆಷಿನ್ ಹಿಡಿಯೋಕೆ ಬಾರದವರು ಬೇರೆಯವರನ್ನು ಹೆದರಿಸಬಾರದು.

ತೋರಣಗಲ್ಲು: ನಿಮ್ಮ ಕಾರು ಯಾವ ಬಣ್ಣ?

ಸಿಂಧನೂರು: ಬಿಳಿ. ಏನೀಗ?

ತೋರಣಗಲ್ಲು: ಏನೀಗ ಅಂದ್ರೆ? ಕ್ಲಿಯರ್, ಅಂದ್ರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಉಜ್ಜಿದರೂ ಇಳಿಯೋದು ಬಿಳಿ ನೀರೇ, ಬಣ್ಣ ಉಜ್ಜಿದರೂ ಬಿಳಿ ನೀರೇ. ಅವರದು ಕಪ್ಪು, ನೀರು ಕಪ್ಪಾದರೆ ಕಥೆ ಮುಗೀತು. ನಿಮ್ಮದರಲ್ಲಿ ಏನು ಹೋಯಿತು ಅಂತ ನಿಮಗೇ ಗೊತ್ತಿಲ್ಲ. ಎರಡು ವರ್ಷ ಬಿಟ್ಟು ಬನ್ನಿ, ಮಾತಾಡೋಣ.

ಶಕ್ತಿನಗರ: ಎರಡು ವರ್ಷದ ಮಾತು ನಿಜ. ಇಲ್ಲಿ ಕಾರಿನ ಮೇಲೆ ವಿದ್ಯುತ್ ಸ್ಥಾವರದ ಬೂದಿ ಕೂರುತ್ತದೆ, ಬೆಳಗ್ಗೆ ಮಂಜು ಬಿದ್ದರೆ ಅಂಟಿಕೊಳ್ಳುತ್ತದೆ. ಆ ಕಲೆ ತೆಗೆಯೋಕೆ ಅಂತ ರೂಫ್ ಉಜ್ಜಿದೆ. ಸುಮ್ನೆ ಅಲ್ಲ, 2,900 ಕೊಟ್ಟು ಪೇಂಟ್ ದಪ್ಪ ಅಳೆಯುವ ಗೇಜ್ ತಂದೆ. ಮೊದಲು 118 ಮೈಕ್ರಾನ್, ಉಜ್ಜಿ ಬಫ್ ಆದ ಮೇಲೆ 96. ಕಂಪನಿ ಕ್ಲಿಯರ್ ಇರುವುದೇ 40-50 ಮೈಕ್ರಾನ್, ಅದರಲ್ಲಿ 22 ತಿಂದೆ. ಕನ್ನಡಿ ಥರ ಹೊಳೆಯಿತು, ಒಪ್ಪುತ್ತೇನೆ. ಬಿಸಿಲು ತಡೆಯುವುದು ಆ ಕ್ಲಿಯರೇ ಅಲ್ವಾ. ಎರಡನೇ ಬೇಸಿಗೆಗೆ ರೂಫ್ ಮಾಸಿತು. ಮೂರನೆಯದಕ್ಕೆ ಹಾವಿನ ಪೊರೆ ಥರ ಎದ್ದಿತು. ರೂಫ್ ಪೇಂಟ್ 8,000, ನಾಲ್ಕು ದಿನ ಬಸ್ಸಿನಲ್ಲಿ ಓಡಾಟ.

ಗಂಗಾವತಿ ಪೇಂಟರ್: ಹತ್ತೊಂಬತ್ತು ವರ್ಷದಿಂದ ಗನ್ ಹಿಡಿದಿದ್ದೇನೆ. ಗೇಜ್ ತೋರಿಸುವುದು ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿಸಿ. ಕೆಳಗೆ ಪುಟ್ಟಿ ಇದ್ದರೆ 300 ಕೂಡ ತೋರಿಸುತ್ತದೆ. ಜಾಸ್ತಿ ಇದೆ ಅಂತ ಖುಷಿಯಾಗಿ ಉಜ್ಜಿದವರು ನನ್ನ ಶೆಡ್‌ಗೇ ಬರುತ್ತಾರೆ. ಇನ್ನೊಂದು, ಕಂಪನಿ ಪೇಂಟಿನಲ್ಲೂ ಸಣ್ಣ ಸಿಪ್ಪೆ ಇರುತ್ತದೆ. ಆ ಒಂದು ಡೋರ್ ಮಾತ್ರ ಗಾಜಿನಷ್ಟು ನುಣ್ಣಗೆ ಮಾಡಿದರೆ ಪಕ್ಕದ ಡೋರ್ ಕೆಟ್ಟದಾಗಿ ಕಾಣುತ್ತದೆ. ಏಪ್ರಿಲ್ ಬಿಸಿಲಲ್ಲಿ ಸ್ಲೋ ಹಾರ್ಡನರ್ (ನಿಧಾನವಾಗಿ ಗಟ್ಟಿ ಮಾಡುವ ದ್ರವ) ಹಾಕದಿದ್ದರೆ ಕ್ಲಿಯರ್ ಹರಡುವ ಮೊದಲೇ ಆರುತ್ತದೆ, ಸಿಪ್ಪೆ ಬೀಳುತ್ತದೆ. ಆ ಹಾರ್ಡನರ್‌ಗೆ 200 ಜಾಸ್ತಿ ಕೇಳಿದರೆ ಗಿರಾಕಿ ಪಕ್ಕದ ಶೆಡ್‌ಗೆ ಹೋಗುತ್ತಾನೆ.

ಶಕ್ತಿನಗರ: 8,000 ತಗೊಂಡವನೂ ಪೇಂಟರೇ. ಅವನು ಹೊಡೆದ ರೂಫಿನಲ್ಲಿ ಎರಡು ಸೊಳ್ಳೆ ಇವತ್ತಿಗೂ ಇವೆ.

ಗಂಗಾವತಿ ಪೇಂಟರ್: ಸೊಳ್ಳೆ ನಾನು ಸಾಕಿದ್ದಲ್ಲ ಸಾಹೇಬ್ರೆ. ನನ್ನ ಶೆಡ್‌ಗೆ ಬಾಗಿಲಿದೆ.

ಸಿಂಧನೂರು: ಎಲ್ಲರೂ ನೀರಿನ ಮಾತು ಬಿಟ್ಟಿದ್ದೀರಿ. ಬೋರ್‌ವೆಲ್ ನೀರಲ್ಲಿ ಉಜ್ಜಿದರೆ ಒಣಗಿದ ಮೇಲೆ ಬಿಳಿ ಚುಕ್ಕೆ. ನಾನು ಬಳಸಿದ್ದು ಕಾಲುವೆ ನೀರು.

ತೋರಣಗಲ್ಲು: ಕಾಲುವೆ ನೀರಲ್ಲಿ ಮರಳು ಇರಲ್ವಾ? ಪೇಪರ್ ಕೆಳಗೆ ಒಂದು ಕಣ ಸಿಕ್ಕರೆ ಸಾಕು, ಗೀರು ಬೀಳುತ್ತೆ. ನಮ್ಮ ಕಡೆ ಅದಿರು ಲಾರಿ ಹೋದರೆ ಬಕೆಟ್ ನೀರೇ ಕೆಂಪಾಗುತ್ತದೆ. ಎರಡು ಸಲ ನೀರು ಚೆಲ್ಲಿ ಮತ್ತೆ ತುಂಬಿದೆ.

ಸಿಂಧನೂರು: ಬಟ್ಟೆಯಲ್ಲಿ ಸೋಸಿದ್ದೆ ರೀ! ನಿಮ್ಮ ಥರ ಟೇಪ್ ತಂದು ಮೂಲೆಗಿಡಲಿಲ್ಲ.

ತೋರಣಗಲ್ಲು: ಟೇಪಿನ ಸುದ್ದಿ ಎತ್ತಬೇಡಿ.

ಕೇಳಿದವರು, ಬಳ್ಳಾರಿ: 1500ಓ 2000ಓ ಯಾರಾದರೂ ಹೇಳ್ತೀರಾ?

ಶಕ್ತಿನಗರ: ಮೊದಲು ಗೇಜ್ ತಗೊಳ್ಳಿ.

ಗಂಗಾವತಿ ಪೇಂಟರ್: ಗೇಜ್ ಅಂತೆ. ಹೇಳಿದ್ದು ಓದಲ್ವಾ?

ಕೇಳಿದವರು, ಬಳ್ಳಾರಿ: ಬಿಡಿ. ತೋರಣಗಲ್ಲು ಅಣ್ಣ, ನಿಮ್ಮ ರೋಟರಿ ಸುಮ್ನೆ ಬಿದ್ದಿದ್ದರೆ ಎಷ್ಟಕ್ಕೆ ಕೊಡ್ತೀರಿ?

ತೋರಣಗಲ್ಲು: 2,000. ಒಂದೇ ದಿನ ಓಡಿದೆ. ಟೇಪ್ ಸೀಲ್ ಕೂಡ ಒಡೆದಿಲ್ಲ, ಅದನ್ನೂ ಒಯ್ಯಿರಿ.