ಮೈಯಾಗ ಯೀಸ್ಟ್ ಜಾಸ್ತಿ ಆಗೇತಿ ಅಂತಾರ, ಇಡ್ಲಿ ದ್ವಾಸಿ ಬಿಡಬೇಕೇನ್ರಿ?

ಡೊಂಬಿವಲಿ ಅಕ್ಕ:
ಎಲ್ಲಾರಿಗೂ ನಮಸ್ಕಾರ. ನಾವು ಧಾರವಾಡ ಕಡೆಯವ್ರು, ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷ ಆತು. ನನಗ 48, ಆರು ವರ್ಷದಿಂದ ಶುಗರ್ ಐತಿ, ಗುಳಿಗಿ ನಡದಾವ. ಈಗ ಮೂರ್ನಾಕು ತಿಂಗಳಿಂದ ವಿಪರೀತ ಸುಸ್ತು, ಹೊಟ್ಟಿ ಉಬ್ಬರ, ಅಡಗಿ ಮನಿಗೆ ಹೋಗಿ ನಿಂತ್ರ ಯಾಕ ಬಂದೆ ಅನ್ನೋದ ಮರ್ತು ಹೋಗತೈತಿ, ಮತ್ತ ಹೇಳಾಕ ನಾಚ್ಕಿ ಆದ್ರೂ ಹೇಳ್ತೀನಿ, ಕೆಳಗ ಒಂದ ಸಮ ತುರಿಕಿ, ಮೊಸರು ಒಡದಂಗ ಬಿಳಿ ಸೆರಗು. ನಮ್ಮ ಬಿಲ್ಡಿಂಗ್‌ನ್ಯಾಗ ಒಬ್ರು ವೆಲ್‌ನೆಸ್ ಕೋಚ್ ಅದಾರ, ಅವ್ರು ಇದೆಲ್ಲಾ ಕ್ಯಾಂಡಿಡಾ ಅನ್ನೋ ಯೀಸ್ಟ್, ಅದು ಮೈ ತುಂಬ ಬೆಳದೈತಿ ಅಂದ್ರು. ಮುಂಜಾನೆ ಬಾಯಿ ತೊಳಿಲಾರದ ಗಾಜಿನ ಲೋಟದ ನೀರಾಗ ಉಗುಳ್ರಿ, ಕೆಳಗ ಎಳಿ ಎಳಿ ಬೇರು ಇಳದ್ರ ಯೀಸ್ಟ್ ಐತಿ ಅಂತ ತಿಳೀರಿ ಅಂದ್ರು. ಮಾಡಿದೆ. ಬೇರು ಇಳೀತು. ಈಗ ಮೂರು ತಿಂಗಳ ಪ್ಯಾಕೇಜ್ 14,500 ರೂಪಾಯಿ ಅಂತ, ಸಕ್ರಿ ಹಣ್ಣು ಬ್ರೆಡ್ ಇಡ್ಲಿ ದ್ವಾಸಿ ಹುದುಗಿದ್ದು ಯಾವದೂ ತಿನ್ನೂ ಹಂಗಿಲ್ಲ, ಮೊದಲ ವಾರ ಮೈಕೈ ನೋವು ಜಾಸ್ತಿ ಆದ್ರ ಯೀಸ್ಟ್ ಸಾಯಾಕತ್ತೈತಿ ಅಂತ ಖುಷಿ ಪಡಬೇಕಂತ. ನಮ್ಮ ಮನಿಯವ್ರು ರೊಕ್ಕ ಕೊಡಾಕ ತಯಾರಿಲ್ಲ. ಯಾರಿಗರ ಅನುಭವ ಐತೇನ್ರಿ?

ಘಾಟ್ಕೋಪರ್ ಭಟ್ರು:
ಅಕ್ಕ, ಆ ಲೋಟದ ಪರೀಕ್ಷೆ ನಮ್ಮ ಮನೆಯಲ್ಲೂ ಆಗಿದೆ ಮಾರಾಯ್ರೆ. ಹೆಂಡತಿ ವಾಟ್ಸಾಪಿನಲ್ಲಿ ನೋಡಿ ಮೂರು ಲೋಟ ಇಟ್ಟಳು, ಮೂರೂ ಜನರದ್ದು ಬೇರು ಬಿಟ್ಟಿತು, ಮಗ ಹದಿನಾರು ವರ್ಷದವ, ದಿನಾ ಫುಟ್ಬಾಲ್ ಆಡುವವ, ಅವನದ್ದೇ ಎಲ್ಲಕ್ಕಿಂತ ಉದ್ದ! ರಾತ್ರಿಯಿಡೀ ಬಾಯಿ ಒಣಗಿ ಬೆಳಿಗ್ಗೆ ಎಂಜಲು ದಪ್ಪ ಇರ್ತದೆ, ಜೋತು ಬೀಳ್ತದೆ, ಅದರಲ್ಲಿ ಯೀಸ್ಟ್ ಲೆಕ್ಕ ಮಾಡ್ಲಿಕ್ಕೆ ಏನುಂಟು.

ಇನ್ನು ಇಡ್ಲಿ ವಿಷಯ, ನಾನು ಹೋಟೆಲ್ ಲೈನಿನವ, ಇದಕ್ಕೆ ಮಾತ್ರ ಸಿಟ್ಟು ಬರ್ತದೆ. ಉದ್ದಿನ ಹಿಟ್ಟು ಹುಳಿ ಬಂದು ಉಬ್ಬುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ, ಮೊಸರಿನದ್ದೇ ಜಾತಿ. ಬ್ರೆಡ್ಡಿಗೆ ಹಾಕುವ ಯೀಸ್ಟೂ ಕ್ಯಾಂಡಿಡಾ ಅಲ್ಲ, ಅದು ಬೇರೆಯೇ, ಮತ್ತೆ ಒಲೆಯಲ್ಲಿ ಬೆಂದ ಮೇಲೆ ಅದು ಸತ್ತಿರ್ತದೆ. ಶುಗರಿಗೆ ಇಡ್ಲಿ ಎಷ್ಟು ತಿನ್ಬೇಕು ಅನ್ನುವುದು ಬೇರೆ ಮಾತು, ಅದು ಡಾಕ್ಟರ್ರತ್ರ ಕೇಳಿ.

ಪುಣೆ ಮೆಡಿಕಲ್:
ಹಡಪ್ಸರ್‌ನಲ್ಲಿ ಮೆಡಿಕಲ್ ಸ್ಟೋರ್ ಕೌಂಟರಲ್ಲಿ ಹನ್ನೊಂದು ವರ್ಷದಿಂದ ನಿಂತಿದೀನಿ, ನಾನು ಡಾಕ್ಟರಲ್ಲ, ಆದ್ರೆ ಒಂದು ಮಾತು ಅಕ್ಕ. ನಿಮ್ಮ ತುರಿಕೆ ಸುಳ್ಳಲ್ಲ, ನೀವು ಹೇಳೋ ರೀತಿ ನೋಡಿದ್ರೆ ಅಲ್ಲಿ ಕ್ಯಾಂಡಿಡಾ ಇರೋ ಚಾನ್ಸೇ ಜಾಸ್ತಿ. ನಾಲ್ಕರಲ್ಲಿ ಮೂರು ಹೆಂಗಸರಿಗೆ ಜೀವಮಾನದಲ್ಲಿ ಒಂದ್ಸಲನಾದ್ರೂ ಬರತ್ತೆ, ನಾಚ್ಕೊಳ್ಳೋದು ಏನಿಲ್ಲ. ಅದು ಆರೋಗ್ಯವಾಗಿರೋರ ಬಾಯಲ್ಲೂ ಕರುಳಲ್ಲೂ ಇರತ್ತೆ, ಆ್ಯಂಟಿಬಯೋಟಿಕ್ ಕೋರ್ಸ್ ಆದ್ಮೇಲೆ, ಶುಗರ್ ಏರಿದಾಗ, ಬಸುರಿಯಾದಾಗ ಜೋರಾಗತ್ತೆ. ಆದ್ರೆ ಒಂದು ಜಾಗದ ಸೋಂಕು ಬೇರೆ, ಮೈಯೆಲ್ಲಾ ಯೀಸ್ಟ್ ತುಂಬಿ ಸುಸ್ತು ಮರೆವು ಬರತ್ತೆ ಅನ್ನೋದು ಬೇರೆ. ರಕ್ತಕ್ಕೇ ಕ್ಯಾಂಡಿಡಾ ಇಳಿದ್ರೆ ಐಸಿಯು ಕೇಸು, ನೀವು ಕೂತ್ಕೊಂಡು ಟೈಪ್ ಮಾಡ್ತಾ ಇರ್ತಿರ್ಲಿಲ್ಲ.

ಈಗ ನಿಮ್ಮ ಮಾತ್ರೆ ಸ್ಟ್ರಿಪ್ ತೆಗೆದು ಹಿಂದೆ ಓದಿ. ಇತ್ತೀಚೆಗೆ ಬದಲಾಗಿದ್ಯಾ? ಹೆಸರಿನ ಕೊನೇಲಿ 'ಗ್ಲಿಫ್ಲೋಜಿನ್' ಅಂತ ಇದ್ಯಾ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಈ ಥರ? ಇವು ಕಿಡ್ನಿಯಿಂದ ಸಕ್ಕರೆನ ಮೂತ್ರದಲ್ಲಿ ಹೊರಗೆ ಹಾಕತ್ವೆ, ಒಳ್ಳೆ ಮಾತ್ರೆಗಳೇ, ಹಾರ್ಟಿಗೂ ಒಳ್ಳೇದು, 2020ರಲ್ಲಿ ಡಾಪಾದ ಪೇಟೆಂಟ್ ಮುಗಿದ್ಮೇಲೆ ಅಗ್ಗ ಆಗಿ ತುಂಬಾ ಜನಕ್ಕೆ ಬರೀತಾರೆ, ಆದ್ರೆ ಆ ಸಕ್ಕರೆ ಹರಿಯೋ ಜಾಗದಲ್ಲಿ ಯೀಸ್ಟಿಗೆ ಹಬ್ಬ. ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟ್ರಿಗೆ ಹೇಳಿ. ಅಲ್ಲಿ ನೋವು, ಊತ, ಜ್ವರ ಬಂದ್ರೆ ಮಾತ್ರ ಕಾಯದೇ ಅವತ್ತೇ ಹೋಗಿ.

ಇನ್ನೊಂದು, ಯೀಸ್ಟ್ ಕೊಲ್ಲೋ ಫ್ಲುಕೊನಜೋಲ್ 150 ಒಂದು ಮಾತ್ರೆ ಕೊಡಿ ಅಂತ ಚೀಟಿ ಇಲ್ದೆ ಬರೋರು ದಿನಾ ನಾಲ್ಕು ಜನ, ನೀವು ಹಾಗೆ ತಗೋಬೇಡಿ, ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ನಡೀತಿದ್ರೆ ಇದರ ಜೊತೆ ಶುಗರ್ ದಿಢೀರ್ ಇಳೀಬೋದು. ಸ್ಟಿರಾಯ್ಡ್ ಬೆರೆಸಿದ ತ್ರಿ-ಇನ್-ಒನ್ ಕ್ರೀಮೂ ಬೇಡ, ತುರಿಕೆ ಎರಡು ದಿನ ಕಮ್ಮಿ ಅನ್ಸಿ ಆಮೇಲೆ ಬೆಳೆಯತ್ತೆ.

ವಾಸ್ಕೋ ಹುಡ್ಗಿ:
ಎಲ್ಲಾರೂ ಕೋಚ್‌ನ ಬಯ್ತಿದೀರಿ, ನಾನೂ ಆ ಡಯಟ್ ಮಾಡೀನಿ ಎರಡು ತಿಂಗಳು, ಪಾವ್ ಬಿಟ್ಟೆ ಸ್ವೀಟ್ ಬಿಟ್ಟೆ, ನಿಜವಾಗ್ಲೂ ಹಗುರ ಅನಿಸ್ತು, ಹೊಟ್ಟೆ ಉಬ್ಬರ ಕಮ್ಮಿ ಆಯ್ತು. ಗೋವಾದಾಗ ಪಾವ್ ಬಿಡೋದು ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ, ಮುಂಜಾನೆ ಪಾವ್ ಮಾರೋ ಪೋದೇರ್ ಹಾರ್ನ್ ಹೊಡ್ದಾಗ ಅಳು ಬರ್ತಿತ್ತು 😄 ಯೀಸ್ಟ್ ಅನ್ನೋದು ಪೂರ್ತಿ ಸುಳ್ಳೂ ಅಲ್ಲ, ನಮ್ಮ ಅತ್ತೆ ದಮ್ಮಿಗೆ ಇನ್ಹೇಲರ್ ಎಳ್ಕೊಂಡು ಬಾಯಿ ಮುಕ್ಕಳಿಸ್ದೇ ಮಲಗೋರು, ನಾಲಿಗೆ ಮ್ಯಾಲೆ ಬಿಳಿ ಪದರ, ಬಟ್ಟೆಲಿ ಒರೆಸಿದ್ರೆ ಕೆಳಗೆ ಕೆಂಪಗೆ ರಕ್ತ ಒಸರೋದು. ಡಾಕ್ಟರ್ ಅದನ್ನೂ ಕ್ಯಾಂಡಿಡಾ ಅಂದ್ರು, ಡ್ರಾಪ್ಸ್ ಕೊಟ್ರು, ಹೋಯ್ತು.

ಪುಣೆ ಮೆಡಿಕಲ್:
ಅತ್ತೆದು ನಿಜವಾದ ಕೇಸೇ ತಂಗಿ, ಕಣ್ಣಿಗೆ ಕಾಣತ್ತೆ, ಔಷಧಿಗೆ ಹೋಗತ್ತೆ. ಡಯಟಿಂದ ನಿಮಗೆ ಹಗುರ ಆಗಿದ್ದೂ ನಿಜ ಇರ್ಬೋದು, ಮೈದಾ ಸಕ್ಕರೆ ಬಿಟ್ರೆ ಯಾರಿಗಾದ್ರೂ ಆಗತ್ತೆ, ಅದರ ಕ್ರೆಡಿಟ್ ಯೀಸ್ಟಿಗೆ ಯಾಕೆ? ಈ 'ಮೈಯೆಲ್ಲಾ ಯೀಸ್ಟ್' ಅನ್ನೋ ಮಾತು 1980ರ ದಶಕದಲ್ಲಿ ಅಮೆರಿಕದಲ್ಲಿ ಜೋರಾಗಿದ್ದು. 1990ರಲ್ಲಿ ಅಲ್ಲೇ ಅಂಥ 42 ಹೆಂಗಸರ ಮೇಲೆ ನಿಸ್ಟಾಟಿನ್ ಟೆಸ್ಟ್ ಮಾಡಿ ನೋಡಿದ್ರು, ಯೀಸ್ಟ್ ಕೊಲ್ಲೋ ಔಷಧಿ. ಸುಸ್ತು, ಬೇಜಾರು ಇವೆಲ್ಲಾ ಅದರಿಂದ ಎಷ್ಟು ಕಮ್ಮಿ ಆಯ್ತೋ ಔಷಧಿನೇ ಇಲ್ದಿರೋ ಡಮ್ಮಿ ಮಾತ್ರೆಯಿಂದಲೂ ಅಷ್ಟೇ. ಕೆಳಗಿನ ಸೋಂಕಿಗೆ ಮಾತ್ರ ಔಷಧಿ ಕೆಲಸ ಮಾಡ್ತು.

ಡೊಂಬಿವಲಿ ಅಕ್ಕ, ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಆರು ವರ್ಷ ತಗೊಂಡಿದ್ರೆ ವಿಟಮಿನ್ ಬಿ12 ಚೆಕ್ ಮಾಡ್ಸಿ. ಆ ಮಾತ್ರೆ ಬಿ12 ಇಳಿಸ್ಬೋದು, ಬಿ12 ಕಮ್ಮಿ ಆದ್ರೂ ಸುಸ್ತು ಮರೆವು ಬರತ್ತೆ. ಜೊತೆಗೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಹೆಚ್‌ಬಿಎ1ಸಿ, ಥೈರಾಯ್ಡ್, ಹಿಮೋಗ್ಲೋಬಿನ್. ಎಲ್ಲಾ ಸೇರಿದ್ರೂ ಪ್ಯಾಕೇಜಿನ ದುಡ್ಡು ಮುಟ್ಟಲ್ಲ.

ಡೊಂಬಿವಲಿ ಅಕ್ಕ (ಹದಿನೆಂಟು ದಿನ ಆದ ಮ್ಯಾಲೆ):
ತಡ ಆತು, ಕ್ಷಮಿಸ್ರಿ. ಸ್ಟ್ರಿಪ್ ತಗದು ಭೂತಗನ್ನಡಿ ಹಿಡ್ಕೊಂಡು ಓದಿದೆ, ಡಾಪಾಗ್ಲಿಫ್ಲೋಜಿನ್ನ ಐತ್ರಿ, ದೀಪಾವಳಿ ಆದ ಮ್ಯಾಲೆ ಬದಲಿ ಮಾಡಿದ್ದು, ತುರಿಕಿ ಅದರ ಹಿಂದಿಂದನ ಶುರು ಆಗಿತ್ತು, ನನಗ ಹೊಳದಿರ್ಲಿಲ್ಲ. ಲೇಡಿ ಡಾಕ್ಟರ್ ಕಡೆ ಹೋದೆ, ನೋಡಿ ಒಳಗ ಇಟ್ಕೊಳ್ಳೋ ಗುಳಿಗಿ ಆರು ದಿನ ಕೊಟ್ರು, ನಾಕನೇ ದಿನಕ್ಕ ತುರಿಕಿ ಹೋತು. ಶುಗರ್ ಡಾಕ್ಟರ್ ಗುಳಿಗಿ ಬದಲಿ ಮಾಡಿದ್ರು. ಹೆಚ್‌ಬಿಎ1ಸಿ 9.1 ಬಂತು, ಬೈಸ್ಕೊಂಡೆ. ಬಿ12 ಬರೇ 148, ಇಂಜೆಕ್ಷನ್ ನಡದಾವ, ಸುಸ್ತು ಇನ್ನೂ ಪೂರ್ತಿ ಹೋಗಿಲ್ಲ, ಹೊಟ್ಟಿ ಉಬ್ಬರ ಹಂಗ ಐತಿ, ಅದಕ್ಕೇನು ಅಂತ ಮುಂದಿನ ವಾರ ಕೇಳ್ಬೇಕು.

ಭಟ್ರ ಮನ್ಯಾಗ ಮಾಡಿದಂಗ ನಮ್ಮ ಮನಿಯವ್ರ ಕಡೆನೂ ಲೋಟದಾಗ ಉಗುಳಿಸಿದೆ. ಮೊದಲು ಒಲ್ಲೆ ಅಂದ್ರು, ಆಮೇಲೆ ತಾವ ಬಗ್ಗಿ ಬಗ್ಗಿ ನೋಡಿ, ಏ ನಂದೂ ಬೇರು ಬಿಡ್ತಲೇ ಅಂದ್ರು. ನಿನ್ನೆ ಎರಡ ಇಡ್ಲಿ ತಿಂದೆ. ಕೋಚ್ ದಿನಾ ಲಿಫ್ಟ್‌ನ್ಯಾಗ ಸಿಗ್ತಾರ, ಯಾವಾಗ ಶುರು ಮಾಡೋಣ ಅಂತ ಕೇಳ್ತಾರ, ಅದಕ್ಕ ಸದ್ಯ ಮೆಟ್ಟಿಲ ಹತ್ತಾಕತ್ತೀನಿ.