ಹೊಸ ಪುಸ್ತಕ, ಹೊಸ ರಾಗ: ನೀವು ಹೇಗೆ ಹುಡುಕಿಕೊಳ್ಳುತ್ತೀರಿ?

ಕೇಳಿದವರು:
ಎರಡು ವರ್ಷದಿಂದ ಓದಿದ್ದನ್ನೇ ಓದುತ್ತಿದ್ದೇನೆ. ಹೊಸ ಪುಸ್ತಕ ತೆರೆದರೆ ಮೂವತ್ತನೇ ಪುಟಕ್ಕೆ ಮಡಚಿಡುತ್ತೇನೆ. ಆ್ಯಪ್‌ಗಳು ತೋರಿಸುವುದೆಲ್ಲ ನಾನು ಈಗಾಗಲೇ ಓದಿದ ಪುಸ್ತಕಗಳ ಅಣ್ಣತಮ್ಮಂದಿರನ್ನೇ. ನನಗೆ ಇಷ್ಟ ಆಗುವುದು ಮೂರು: ಒಳ್ಳೆಯ ಕಾದಂಬರಿ, (ನಾಚಿಕೊಂಡೇ ಹೇಳುತ್ತೇನೆ) ಪ್ರೇಮಕತೆ, ಮತ್ತೆ ಚಿತ್ರ ಬರೆಯುವವರ ಸುತ್ತ ಹೆಣೆದ ಕತೆಗಳು. ಈಚೆಗೆ ಶಾಸ್ತ್ರೀಯ ಸಂಗೀತದ ಆಸೆಯೂ ಹತ್ತಿದೆ. ಆದರೆ ಒಂದು ಗಂಟೆಯ ಕಛೇರಿ ಹಾಕಿದರೆ ಹತ್ತು ನಿಮಿಷಕ್ಕೆ ಮನಸ್ಸು ಎಲ್ಲೋ ಹೋಗಿಬಿಡುತ್ತದೆ. ದಯವಿಟ್ಟು ಪಟ್ಟಿ ಕೊಡಬೇಡಿ, ಪಟ್ಟಿಗಳು ನನ್ನ ಹತ್ತಿರ ಹತ್ತಿವೆ. ನೀವು ಹೋಗುವ ದಾರಿ ಹೇಳಿ.

ಲೈಬ್ರರಿಯಲ್ಲಿ ಕೆಲಸ ಮಾಡಿದವಳು:
ನಿಮ್ಮ ತೊಂದರೆಯಲ್ಲಿ ಅರ್ಧ ಪಾಲು ಕಪಾಟಿನದ್ದು. ಬಹಳಷ್ಟು ಲೈಬ್ರರಿಗಳು ಬಳಸುವ, ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಶುರುವಾದದ್ದು 1876ರಲ್ಲಿ. ಅದರ ಪ್ರಕಾರ ಚಿತ್ರಕಲೆ 750ರಲ್ಲಿ, ಸಂಗೀತ 780ರಲ್ಲಿ, ಸಾಹಿತ್ಯ 800ರಲ್ಲಿ. ಚಿತ್ರಕಾರನ ಬಗ್ಗೆ ಬರೆದ ಕಾದಂಬರಿ 750ರ ಹತ್ತಿರವೂ ಸುಳಿಯುವುದಿಲ್ಲ. ಅದು ಉಳಿದ ಸಾವಿರ ಕಾದಂಬರಿಗಳ ನಡುವೆ, ಲೇಖಕರ ಹೆಸರಿನ ಅಕ್ಷರ ಹಿಡಿದುಕೊಂಡು ನಿಂತಿರುತ್ತದೆ. ಚಿತ್ರಕಲೆಯ ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತರೂ ಕೈಗೆ ಬರುವುದು ದಪ್ಪ ಹಾಳೆಯ ಆಲ್ಬಂ ಮಾತ್ರ. ಅವು ಚಂದ ಇರುತ್ತವೆ, ಓದಲಿಕ್ಕಲ್ಲ.

ಅದಕ್ಕೇ ಕಪಾಟು ಬಿಟ್ಟು ಕ್ಯಾಟಲಾಗ್ ಹಿಡಿಯಿರಿ. ವಿಷಯ ಬರೆಯುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಪೇಂಟರ್ಸ್ ಫಿಕ್ಷನ್' ಅಂತ ಹಾಕಿ ನೋಡಿ, ಆಮೇಲೆ 'ಮ್ಯುಸಿಷಿಯನ್ಸ್ ಫಿಕ್ಷನ್'. ಇವು ನಾನು ಕಟ್ಟಿದ ಪದಗಳಲ್ಲ. ಕ್ಯಾಟಲಾಗ್ ಮಾಡುವವರು ಪುಸ್ತಕಕ್ಕೆ ಅಂಟಿಸುವ ತಲೆಬರಹಗಳೇ ಇವು. ನಿಮ್ಮ ಲೈಬ್ರರಿ ವಿಷಯ ತುಂಬಿಸದೆ ಬರೀ ಹೆಸರಷ್ಟೇ ಹಾಕಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಯಾವುದಾದರೂ ದೊಡ್ಡ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗಿನಲ್ಲಿ ಹುಡುಕಿ, ಪುಸ್ತಕವನ್ನು ನಿಮ್ಮ ಲೈಬ್ರರಿಯಲ್ಲೇ ಕೇಳಿ.

ಇನ್ನೊಂದು ಮಾತು. ಅನುವಾದ ಓದುವವರಾದರೆ ಲೇಖಕರಿಗಿಂತ ಅನುವಾದಕರ ಬೆನ್ನು ಹತ್ತಿ. ಒಬ್ಬ ಲೇಖಕ ಒಂದೇ ಥರ ಬರೆಯುತ್ತಾನೆ, ಒಬ್ಬ ಒಳ್ಳೆಯ ಅನುವಾದಕಿ ತನಗೆ ಹಿಡಿಸಿದ ಹತ್ತು ಜನರನ್ನು ನಿಮ್ಮ ಮುಂದೆ ತಂದು ಕೂರಿಸುತ್ತಾಳೆ. ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ 2016ರಿಂದ ಪ್ರತಿ ವರ್ಷ ಇಂಗ್ಲಿಷಿಗೆ ಅನುವಾದವಾದ ಒಂದು ಪುಸ್ತಕಕ್ಕೆ ಸಿಗುತ್ತಿದೆ, ಹಣವನ್ನು ಲೇಖಕರೂ ಅನುವಾದಕರೂ ಸಮನಾಗಿ ಹಂಚಿಕೊಳ್ಳುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಜೊತೆ ದೀಪಾ ಭಾಸ್ತಿ ಹೆಸರೂ ಬಂತಲ್ಲ, ಅದೇ. ನಾನು ಗೆದ್ದ ಪುಸ್ತಕಕ್ಕಿಂತ ಮೊದಲ ಸುತ್ತಿನ ಉದ್ದ ಪಟ್ಟಿಯನ್ನು ಜಾಸ್ತಿ ನೋಡುತ್ತೇನೆ. (ಪಟ್ಟಿ ಬೇಡ ಅಂದಿರಿ, ಕ್ಷಮಿಸಿ.)

ಹಳೇ ಓದುಗ:
ಮೂವತ್ತನೇ ಪುಟಕ್ಕೆ ಮಡಚಿಡುವುದು ತಪ್ಪೇನಲ್ಲ, ಆದರೆ ಅದಕ್ಕೆ ವಯಸ್ಸಾಗಿರಬೇಕು! ನಾನ್ಸಿ ಪರ್ಲ್ ಎಂಬ ಅಮೆರಿಕದ ಲೈಬ್ರರಿಯನ್ ಒಂದು ಲೆಕ್ಕ ಕೊಟ್ಟಿದ್ದಾರೆ. ಯಾವ ಪುಸ್ತಕಕ್ಕೂ 50 ಪುಟ ಅವಕಾಶ ಕೊಡಿ. ನಿಮಗೆ ಐವತ್ತು ದಾಟಿದ್ದರೆ ನೂರರಿಂದ ವಯಸ್ಸು ಕಳೆದು ಉಳಿದಷ್ಟು ಪುಟ ಸಾಕು. ನನಗೆ 68, ಹಾಗಾಗಿ 32 ಪುಟ ಓದಿ ಎದ್ದುಬಿಡುತ್ತೇನೆ. ನಿಮ್ಮ ಮೂವತ್ತು ಪುಟದ ಲೆಕ್ಕ ನೋಡಿದರೆ ನೀವು ನನಗಿಂತ ಹಿರಿಯರು.

ಚಿತ್ರದ ಹುಚ್ಚಿನವನು:
ನಾನು ಪುಸ್ತಕದಿಂದ ಪುಸ್ತಕಕ್ಕೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಪುಸ್ತಕದ ಒಳಗೆ ಇರುವ ಯಾವುದೋ ಒಂದು ವಸ್ತುವಿನ ಬಾಲ ಹಿಡಿದುಕೊಂಡು ಹೋಗುತ್ತೇನೆ. ಅದು ಎಲ್ಲಿಗೆ ಕರೆದೊಯ್ಯುತ್ತದೋ ಅಲ್ಲಿಗೆ. 'ಇದೇ ಥರದ್ದು ಇನ್ನೊಂದು' ಅಂತ ಹುಡುಕಿದರೆ ಸಿಗುವುದು ಅದೇ ಥರದ್ದೇ, ಅಲ್ವಾ?

ಒಂದು ಉದಾಹರಣೆ ಹೇಳುತ್ತೇನೆ. ಡೋನಾ ಟಾರ್ಟ್ ಬರೆದ 'ದ ಗೋಲ್ಡ್‌ಫಿಂಚ್' 2013ರ ಕಾದಂಬರಿ. ಅದರ ಕೇಂದ್ರದಲ್ಲಿ ಇರುವುದು ಒಂದು ನಿಜವಾದ ಚಿತ್ರ. ಕಾಲಿಗೆ ಸರಪಳಿ ಕಟ್ಟಿದ ಪುಟ್ಟ ಹಕ್ಕಿ, ಹಿಂದೆ ಬರೀ ಗೋಡೆ. ಕ್ಯಾರೆಲ್ ಫ್ಯಾಬ್ರಿಷಿಯಸ್ ಅದನ್ನು ಬರೆದದ್ದು 1654ರಲ್ಲಿ. ಎತ್ತರ 34 ಸೆಂಟಿಮೀಟರ್ ಕೂಡ ಇಲ್ಲ. ಅದೇ ವರ್ಷ ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ಊರಿನ ಸಿಡಿಮದ್ದಿನ ಮನೆ ಸ್ಫೋಟವಾಗಿ ಅವನು ಸತ್ತ. ಕಾದಂಬರಿಯಲ್ಲಿ ಹುಡುಗನ ಬದುಕು ತಲೆಕೆಳಗಾಗುವುದೂ ಮ್ಯೂಸಿಯಂ ಒಳಗಿನ ಒಂದು ಸ್ಫೋಟದಿಂದ. ಚಿತ್ರಕಾರನ ಸಾವು ಗೊತ್ತಾದ ಮೇಲೆ ಆ ಪುಟಗಳನ್ನು ಇನ್ನೊಮ್ಮೆ ಓದಿದೆ. ಮೊದಲ ಸಲ ಅರ್ಧವೂ ಕಂಡಿರಲಿಲ್ಲ ಅನ್ನಿಸಿತು.

ಡೆಲ್ಫ್ಟ್ ಅಂದಮೇಲೆ ವರ್ಮೀರ್. ಅವನೂ ಅದೇ ಊರಿನ ಚಿತ್ರಕಾರ. ಮುತ್ತಿನ ಓಲೆಯ ಹುಡುಗಿಯ ಚಿತ್ರ ಸುಮಾರು 1665ರದ್ದು. ಆ ಹುಡುಗಿ ಯಾರು ಅನ್ನುವುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಆ ಖಾಲಿ ಜಾಗದಲ್ಲೇ ಟ್ರೇಸಿ ಶೆವಲಿಯೆ 1999ರಲ್ಲಿ ಒಂದು ಕಾದಂಬರಿ ಕಟ್ಟಿದರು, ಅವಳನ್ನು ಮನೆಗೆಲಸದ ಹುಡುಗಿಯಾಗಿ ಊಹಿಸಿಕೊಂಡು. ಹಕ್ಕಿ, ಹುಡುಗಿ ಎರಡೂ ಚಿತ್ರ ಈಗ ಹೇಗ್ ನಗರದ ಒಂದೇ ಮ್ಯೂಸಿಯಂನಲ್ಲಿವೆ, ಹೆಸರು ಮೌರಿಟ್ಸ್‌ಹೌಸ್. ಓದುವ ಮುಂಚೆ ಚಿತ್ರವನ್ನು ಪರದೆ ಮೇಲೆ ದೊಡ್ಡದು ಮಾಡಿ ಐದು ನಿಮಿಷ ಸುಮ್ನೆ ನೋಡಿ. ಇದೊಂದನ್ನು ಮಾತ್ರ ತಪ್ಪಿಸಬೇಡಿ.

ಮುಖವನ್ನು ಇದ್ದ ಹಾಗೇ ಬರೆಯಬಹುದೇ, ಬಾರದೇ? ಈ ಜಗಳವೇ ಒರ್ಹಾನ್ ಪಾಮುಕ್ ಅವರ 'ಮೈ ನೇಮ್ ಈಸ್ ರೆಡ್'. ತುರ್ಕಿ ಭಾಷೆಯಲ್ಲಿ ಬಂದದ್ದು 1998ರಲ್ಲಿ, ಕತೆ ನಡೆಯುವುದು 1591ರ ಇಸ್ತಾಂಬುಲ್‌ನಲ್ಲಿ. ಕಿರುಚಿತ್ರ (ಸಿನಿಮಾ ಅಲ್ಲ, ಹಾಳೆ ಮೇಲಿನ ಪುಟ್ಟ ಚಿತ್ರ, ಮಿನಿಯೇಚರ್) ಬರೆಯುವ ಕಲಾವಿದರ ನಡುವೆ ಕೊಲೆಯಾಗುತ್ತದೆ. ಒಂದು ಅಧ್ಯಾಯ ಹೆಣ ಹೇಳುತ್ತದೆ, ಇನ್ನೊಂದು ನಾಯಿ, ಮತ್ತೊಂದು ಮರ, ಕೊನೆಗೆ ಕೆಂಪು ಬಣ್ಣವೇ ಬಾಯಿ ಬಿಡುತ್ತದೆ. ಪ್ರೇಮಕತೆಯೂ ಒಳಗಿದೆ. ಶುರುವಿನಲ್ಲಿ ನಿಧಾನ. ಮೇಲಿನ ಹಿರಿಯರ 32 ಪುಟಕ್ಕೆ ಇದು ಸಿಗುವುದಿಲ್ಲ.

ಆ ಕಿರುಚಿತ್ರಗಳ ಬಾಲ ಹಿಡಿದು ಹೊರಟವನು ರಾಗಮಾಲಾ ಚಿತ್ರಗಳಲ್ಲಿ ಬಂದು ಬಿದ್ದೆ. ಇನ್ನೂ ಎದ್ದಿಲ್ಲ. ರಾಗವನ್ನೇ ಗಂಡು, ಹೆಣ್ಣು ಅಂತ ಭಾವಿಸಿ ಬರೆದ ಚಿತ್ರಗಳು ಅವು. ಆರು ರಾಗ, ಒಂದೊಂದಕ್ಕೆ ಐದು ರಾಗಿಣಿ, ಒಟ್ಟು 36 ಚಿತ್ರದ ಕಟ್ಟು ಬಹಳ ಕಡೆ ಸಿಗುತ್ತದೆ. ತೋಡಿ ಅಂದರೆ ಬಯಲಿನಲ್ಲಿ ವೀಣೆ ಹಿಡಿದು ನಿಂತ ಹೆಣ್ಣು, ಸುತ್ತ ಕಿವಿ ನಿಮಿರಿಸಿದ ಜಿಂಕೆಗಳು. ಆಸಾವರಿಯ ಸುತ್ತ ಹಾವುಗಳು. ಹಿಂದೋಳಕ್ಕೆ ಉಯ್ಯಾಲೆ. ನಿಮಗೆ ಬೇಕಾದ ಚಿತ್ರ, ಪ್ರೇಮ, ಸಂಗೀತ ಮೂರೂ ಒಂದೇ ಹಾಳೆ ಮೇಲೆ ಕೂತಿವೆ. ಅದಕ್ಕೂ ಹಿಂದೆ ಹೋಗಬೇಕೆಂದರೆ ಜಯದೇವನ ಗೀತಗೋವಿಂದ ಇದೆ. 12ನೇ ಶತಮಾನದ್ದು, 12 ಸರ್ಗ, 24 ಹಾಡು. ಪಹಾಡಿ (ಹಿಮಾಲಯದ ತಪ್ಪಲಿನ) ಚಿತ್ರಕಾರ ಮಾನಕು 1730ರಲ್ಲಿ ಅದನ್ನು ಚಿತ್ರಗಳಾಗಿ ಬರೆದ. ಒಂದು ಹಾಡು ಓದಿ, ಅದರ ಚಿತ್ರ ಹುಡುಕಿ, ಅದನ್ನೇ ಯಾರಾದರೂ ಹಾಡಿದ್ದು ಕೇಳಿ. ನನ್ನ ಒಂದು ಇಡೀ ಮಳೆಗಾಲ ಹೀಗೆ ಹೋಯಿತು.

ಪತ್ರ ಓದುವವಳು:
ಚಿತ್ರಕಾರರ ಮೇಲಿನ ಕಾದಂಬರಿಗಳಲ್ಲಿ ಕಣ್ಣೀರು ಜಾಸ್ತಿ, ಬಣ್ಣ ಕಡಿಮೆ. ನನಗೆ ಸಾಕಾಗಿ ವ್ಯಾನ್ ಗೋ ಪತ್ರಗಳಿಗೆ ಹೋದೆ. ಅವನು ಬರೆದ 800ಕ್ಕೂ ಹೆಚ್ಚು ಪತ್ರ ಉಳಿದಿವೆ, ಅದರಲ್ಲಿ 650ಕ್ಕಿಂತ ಜಾಸ್ತಿ ತಮ್ಮ ಥಿಯೋಗೆ ಬರೆದದ್ದು. ವ್ಯಾನ್ ಗೋ ಮ್ಯೂಸಿಯಂನವರೇ ಎಲ್ಲವನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ತಮಾಷೆ ಏನೆಂದರೆ ಅವನು ಪುಸ್ತಕದ ಹುಳು. ಡಿಕನ್ಸ್, ಜೋಲಾ ಅಂತ ಓದಿದ್ದನ್ನೆಲ್ಲ ತಮ್ಮನಿಗೆ ಹೇಳುತ್ತಿರುತ್ತಾನೆ. 1885ರ ಒಂದು ಚಿತ್ರದಲ್ಲಿ ದೊಡ್ಡ ಬೈಬಲ್ ಪಕ್ಕ ಜೋಲಾನ ಹಳದಿ ರಟ್ಟಿನ ಕಾದಂಬರಿ ಇಟ್ಟಿದ್ದಾನೆ. ನಾನು ಜೋಲಾ ಓದಲು ಶುರು ಮಾಡಿದ್ದು ಆ ಹಳದಿ ಪುಸ್ತಕ ನೋಡಿ.

ಪ್ರೇಮಕತೆಗಳ ಪರ ವಕೀಲೆ:
ಮೊದಲು ಆ ನಾಚಿಕೆ ಬಿಡಿ. ಎರಡನೆಯದು, ಪದ ಗೊತ್ತಿರಲಿ. ಪ್ರಕಾಶಕರ ಲೆಕ್ಕದಲ್ಲಿ ರೊಮ್ಯಾನ್ಸ್ ಅಂದರೆ ಪ್ರೀತಿಯೇ ಮುಖ್ಯ ಕತೆ, ಕೊನೆ ಸುಖದ್ದು ಅಥವಾ ಭರವಸೆಯದ್ದು. 'ಲವ್ ಸ್ಟೋರಿ' ಅಂತ ಮಾತ್ರ ಹಾಕಿದ್ದರೆ ಆ ಖಾತ್ರಿ ಇಲ್ಲ. ಇದು ಗೊತ್ತಿಲ್ಲದೆ ಒಮ್ಮೆ ಗೆಳತಿ ಕೊಟ್ಟ ಪುಸ್ತಕವನ್ನು ರೈಲಿನಲ್ಲಿ ಓದುತ್ತಿದ್ದೆ. ಕೊನೆಯ ಇಪ್ಪತ್ತು ಪುಟದಲ್ಲಿ ನಾಯಕ ಸತ್ತುಹೋದ. ನನ್ನ ಅಳು ನೋಡಿ ಎದುರು ಕೂತಿದ್ದವರು 'ಮನೆಯಲ್ಲಿ ಏನಾದರೂ ಆಯ್ತಾ' ಅಂತ ಕೇಳಿದರು. ಏನು ಹೇಳುವುದು?

ಹುಡುಕುವಾಗ 'ಒಳ್ಳೆ ಪ್ರೇಮಕತೆ' ಅಂತ ಹುಡುಕಬೇಡಿ. ನಿಮಗೆ ಹಿಡಿಸುವ ಸಂದರ್ಭ ಯಾವುದು ನೋಡಿಕೊಳ್ಳಿ. ಜಗಳದಿಂದ ಶುರುವಾಗುವ ಪ್ರೀತಿಯೇ? ವರ್ಷಗಳ ನಂತರ ಮತ್ತೆ ಸಿಕ್ಕವರೇ? ಸುಳ್ಳು ಮದುವೆ ನಿಜವಾಗುವುದೇ? ಈಗಿನ ಓದುಗರು ಇವನ್ನು ಟ್ರೋಪ್ ಅನ್ನುತ್ತಾರೆ. ಆ ಪದ ಹಾಕಿ ಹುಡುಕಿದರೆ ಬೇಕಾದದ್ದು ಬೇಗ ಸಿಗುತ್ತದೆ. ಜಗಳದ ಜಾತಿಗೆ ಹಿರಿಯಕ್ಕ 1813ರ 'ಪ್ರೈಡ್ ಅಂಡ್ ಪ್ರಿಜುಡಿಸ್'. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಓದಲು, ಲಿಬ್ರಿವಾಕ್ಸ್‌ನಲ್ಲಿ ಕೇಳಲು ಉಚಿತ.

ಟ್ರೋಪ್ ಅನ್ನುವುದು ಹೊಸದೇನಲ್ಲ ಅಂತ ನನಗೆ ಹೊಳೆದದ್ದು ಅಷ್ಟನಾಯಿಕೆಯರ ಬಗ್ಗೆ ಓದಿದಾಗ. ನಾಟ್ಯಶಾಸ್ತ್ರ ನಾಯಕಿಯರನ್ನು ಎಂಟು ಬಗೆ ಮಾಡುತ್ತದೆ, ಅದೂ ಪ್ರೀತಿಯಲ್ಲಿ ಅವರು ಸಿಕ್ಕಿಕೊಂಡ ಪರಿಸ್ಥಿತಿಯ ಮೇಲೆ. ಜಗಳ ಮಾಡಿ ಕಳಿಸಿಬಿಟ್ಟು ಆಮೇಲೆ ಕೊರಗುವವಳು ಕಲಹಾಂತರಿತೆ. ಕತ್ತಲಲ್ಲಿ ತಾನೇ ಹುಡುಕಿಕೊಂಡು ಹೊರಡುವವಳು ಅಭಿಸಾರಿಕೆ. ಸಿಂಗರಿಸಿಕೊಂಡು ಕಾಯುವವಳು ವಾಸಕಸಜ್ಜೆ. ರಾತ್ರಿಯೆಲ್ಲ ಬೇರೆ ಕಡೆ ಇದ್ದು ಬೆಳಗ್ಗೆ ಬಂದವನ ಮೇಲೆ ಕೆಂಡ ಕಾರುವವಳು ಖಂಡಿತೆ. ಈಗ ನಾನು ಯಾವ ಕಾದಂಬರಿ ಓದಿದರೂ ನಾಯಕಿ ಈ ಅಧ್ಯಾಯದಲ್ಲಿ ಯಾರು ಅಂತ ಗುರುತು ಹಾಕುತ್ತೇನೆ. ನನಗೆ ಅಭಿಸಾರಿಕೆಯರೇ ಇಷ್ಟ ಅಂತ ಗೊತ್ತಾಯಿತು. ಕಾಯುತ್ತಾ ಕೂರುವವರ ಪುಸ್ತಕ ತರುವುದನ್ನೇ ಬಿಟ್ಟೆ.

ಕೇಳಿದವರು:
ಜಿಂಕೆಗಳ ಚಿತ್ರ ನೋಡಿದೆ. ಎಷ್ಟು ಚಂದ! ಆದರೆ ಈಗ ತೋಡಿ ಕೇಳೋಣ ಅಂತ ಹುಡುಕಿದರೆ ಎರಡು ಬೇರೆ ಬೇರೆ ಥರ ಕೇಳಿಸುತ್ತಿದೆ. ನನ್ನ ಕಿವಿಯ ತಪ್ಪಾ?

ಸಂಗೀತ ಕಲಿಯುತ್ತಿರುವವನು:
ನಿಮ್ಮ ಕಿವಿ ಸರಿಯಾಗಿದೆ. ಕರ್ನಾಟಕ ಸಂಗೀತದ ತೋಡಿಯೇ ಬೇರೆ, ಹಿಂದೂಸ್ತಾನಿ ತೋಡಿಯೇ ಬೇರೆ. ನಮ್ಮ ತೋಡಿಯ ಸ್ವರಗಳು ಅವರ ಭೈರವಿ ಥಾಟ್‌ಗೆ (ಥಾಟ್ ಅಂದರೆ ರಾಗಗಳ ಮೂಲ ಸ್ವರಗುಂಪು) ಹೊಂದುತ್ತವೆ. ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿ ರಾಗಕ್ಕೆ ಹತ್ತಿರ. ಹಳೆಯ ಚಿತ್ರದ ಹೆಸರು ನೋಡಿ ಇಂದಿನ ರಾಗ ಅದೇ ಅಂದುಕೊಳ್ಳಬೇಡಿ. ಎರಡನ್ನೂ ಕೇಳಿ, ಜಿಂಕೆ ಯಾವುದಕ್ಕೆ ಬರುತ್ತದೆ ಅಂತ ನೀವೇ ತೀರ್ಮಾನಿಸಿ.

ಹತ್ತು ನಿಮಿಷಕ್ಕೆ ಗಮನ ಹೋಗುತ್ತದೆ ಅಂದರೆ ಮೂರು ನಿಮಿಷದಿಂದ ಶುರು ಮಾಡಿ. ಹಳೇ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಸುಮಾರು ಅಷ್ಟು. ಗೌಹರ್ ಜಾನ್ 1902ರಲ್ಲಿ ಧ್ವನಿಮುದ್ರಣಕ್ಕೆ ಹಾಡಿದಾಗ ಇಡೀ ಹಾಡನ್ನು ಅಷ್ಟರಲ್ಲೇ ಮುಗಿಸಬೇಕಿತ್ತು. ಮುಗಿಸಿ ತನ್ನ ಹೆಸರನ್ನೂ ಕೂಗಿ ಹೇಳುತ್ತಿದ್ದಳು. ಇನ್ನೊಂದು ಸುಲಭದ ಬಾಗಿಲು ಜಾವಳಿ, ಪದ, ಠುಮ್ರಿ. ಇವು ಸಂಗೀತದ ಪ್ರೇಮಕತೆಗಳು. 17ನೇ ಶತಮಾನದ ಕ್ಷೇತ್ರಯ್ಯನ ತೆಲುಗು ಪದಗಳಲ್ಲಿ ಮಾತಾಡುವುದು ಬಹುಮಟ್ಟಿಗೆ ನಾಯಕಿಯೇ. ಮೇಲಿನ ವಕೀಲರ ಖಂಡಿತೆ ಅಲ್ಲಿ ಸಿಗುತ್ತಾಳೆ, ಬೈಗುಳದ ಸಮೇತ.

ಆಮೇಲೆ ಒಂದು ರಾಗ ಹಿಡಿದು ಒಂದು ವಾರ ಅದೊಂದನ್ನೇ ಕೇಳಿ. ಇವತ್ತು ಹಾಡಿದ್ದು, ನಾಳೆ ವೀಣೆ, ನಾಡಿದ್ದು ಕೊಳಲು. ನಾಲ್ಕನೇ ದಿನ ಯಾವುದೋ ಒಂದು ತಿರುವು ಬರುವ ಮುಂಚೆಯೇ ನಿಮಗೆ ಗೊತ್ತಾಗುತ್ತದೆ. ಆ ಖುಷಿಗೇ ನಾನು ಕಲಿಯಲು ಹೋದದ್ದು.

ಓದುವಾಗ ಹಾಕುವುದಾದರೆ ಮಾತಿಲ್ಲದ ವಾದ್ಯ ಇರಲಿ. ಸಾಹಿತ್ಯ ಇದ್ದರೆ ಕಣ್ಣು ಒಂದು ಸಾಲು, ಕಿವಿ ಒಂದು ಸಾಲು ಓದಿ ಎರಡೂ ಕೆಡುತ್ತವೆ.

ಸಂಗೀತದ ಕಾದಂಬರಿ ಬೇಕೆಂದರೆ ಕನ್ನಡದಲ್ಲೇ ಎರಡು ದೊಡ್ಡವು ಇವೆ. ತರಾಸು ಅವರ 'ಹಂಸಗೀತೆ' ಮತ್ತೆ ಎಸ್. ಎಲ್. ಭೈರಪ್ಪನವರ 'ಮಂದ್ರ'. ಮೊದಲನೆಯದು 1975ರಲ್ಲಿ ಸಿನಿಮಾ ಆಯಿತು, ಅದರಲ್ಲಿ ಹಾಡಿದ್ದಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಓದಿ ಮುಗಿಸಿದ ರಾತ್ರಿಯೇ ಕೇಳಬಹುದು. 'ಮಂದ್ರ'ಕ್ಕೆ 2010ರ ಸರಸ್ವತಿ ಸಮ್ಮಾನ್ ಬಂದಿದೆ.

ಪ್ರೇಮಕತೆಗಳ ಪರ ವಕೀಲೆ:
'ಮಂದ್ರ' ರೊಮ್ಯಾನ್ಸ್ ಅಲ್ಲ, ಮೊದಲೇ ಹೇಳಿಬಿಡಿ! ಅದರ ಗಾಯಕ ಸ್ವರದಲ್ಲಿ ಎಷ್ಟು ಶುದ್ಧವೋ ಬದುಕಿನಲ್ಲಿ ಅಷ್ಟೇ ಗಲೀಜು. ನಾನು ಅವನ ಮೇಲೆ ಇನ್ನೂ ಸಿಟ್ಟಾಗಿದ್ದೇನೆ. ಪುಸ್ತಕ ಕೆಳಗಿಡಲಂತೂ ಆಗಲಿಲ್ಲ.

ಕೇಳಿದವರು:
ಒಂದು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಎರಡೂ ತೋಡಿ ಕೇಳಿದೆ. ನನ್ನ ಜಿಂಕೆಗಳು ಬಂದದ್ದು ಕರ್ನಾಟಕದ ತೋಡಿಗೆ, ಅದೂ ವೀಣೆಯಲ್ಲಿ. ಗಡಿಯಾರ ನೋಡಿದರೆ ಹದಿನೆಂಟು ನಿಮಿಷ ಆಗಿತ್ತು. ಪಾಮುಕ್ 64ನೇ ಪುಟದಲ್ಲಿದ್ದೇನೆ, ಹಾಗಾಗಿ ನನ್ನ ವಯಸ್ಸು 36 ಅಂತ ಹಿರಿಯರು ಬರೆದುಕೊಳ್ಳಲಿ. ಕ್ಯಾಟಲಾಗಿನಲ್ಲಿ 'ಮ್ಯುಸಿಷಿಯನ್ಸ್ ಫಿಕ್ಷನ್' ಅಂತ ಹಾಕಿದರೆ ಪಿಯಾನೋದವರು, ಪಿಟೀಲಿನವರು ಸಾಲುಗಟ್ಟಿ ಬಂದರು. ವೀಣೆಯವಳು ಒಬ್ಬಳೂ ಬರಲಿಲ್ಲ. ವೀಣೆ ನುಡಿಸುವ ನಾಯಕಿ ಇರುವ ಕಾದಂಬರಿ ಯಾರಾದರೂ ಓದಿದ್ದೀರಾ? ಅಭಿಸಾರಿಕೆ ಆದರೆ ಒಳ್ಳೆಯದು. ಕೊನೆಯ ಇಪ್ಪತ್ತು ಪುಟದಲ್ಲಿ ಯಾರೂ ಸಾಯಬಾರದು.