ಹಂಚಿನ ಮನೆ, ಕೊಡಗಿನ ಮಳೆ: ದುಬಾರಿ ಓಪನ್-ಬ್ಯಾಕ್ ಹೆಡ್‌ಫೋನ್ ಕೊಳ್ಳಬಹುದೇ?

ಪ್ರಶ್ನೆ: ನಾಪೋಕ್ಲಿನಿಂದ

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ನಾನು 38 ಓಮ್ ವಿದ್ಯುತ್ ರೋಧದ ಒಂದು ಕ್ಲೋಸ್ಡ್-ಬ್ಯಾಕ್ (ಹಿಂಬದಿ ಮುಚ್ಚಿದ) ಹೆಡ್‌ಫೋನ್ ಬಳಸುತ್ತಿದ್ದೇನೆ. ತೋಟದ ಕೆಲಸ ಮುಗಿಸಿ, ಊಟವಾದ ಮೇಲೆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಸಂಗೀತ ಕೇಳುವುದು ರೂಢಿ. ಕೇಳುವುದರಲ್ಲಿ ಹೆಚ್ಚಿನ ಪಾಲು ವೀಣೆ, ಅದರಲ್ಲೂ ಮೈಸೂರು ಬಾನಿಯ ವಿ. ದೊರೆಸ್ವಾಮಿ ಅಯ್ಯಂಗಾರ್ ಅವರದು. ಆಮೇಲೆ ಮಲ್ಲಿಕಾರ್ಜುನ ಮನ್ಸೂರರ ಗಾಯನ. ಫೋನಿಗೆ ಸಣ್ಣ ಯುಎಸ್‌ಬಿ-ಸಿ ಡಾಂಗಲ್ ಸಿಕ್ಕಿಸಿಕೊಳ್ಳುತ್ತೇನೆ, ಬೇರೆ ಆಂಪ್ಲಿಫೈಯರ್ ಇಲ್ಲ.

ಕಳೆದ ಒಂದು ವರ್ಷದಿಂದ ವೀಣೆಯ ಅನುಮಂದ್ರ (ಎಲ್ಲಕ್ಕಿಂತ ಕೆಳಗಿನ ಸ್ವರದ) ತಂತಿಯ ನಾದದಲ್ಲಿ ತೂಕವೇ ಇಲ್ಲದಂತಾಗಿದೆ; ಮೀಟು ಮಾತ್ರ ಉಗುರಿನಿಂದ ತಗಡು ಗೀರಿದ ಹಾಗೆ ಮುಂದೆ ಬಂದು ಕಿವಿಗೆ ಚುಚ್ಚುತ್ತದೆ. ಆದ್ದರಿಂದ ಸೆನ್‌ಹೈಸರ್ ಎಚ್‌ಡಿ 650 ಎಂಬ ಓಪನ್-ಬ್ಯಾಕ್ (ಹಿಂಬದಿ ತೆರೆದ) ಹೆಡ್‌ಫೋನ್ ಕೊಳ್ಳಲು ಹಣ ಕೂಡಿಟ್ಟಿದ್ದೇನೆ. ಈಗಿರುವುದಕ್ಕೆ ಕೊಟ್ಟದ್ದರ ಹಲವು ಪಟ್ಟು ಅದರ ಬೆಲೆ. ಅಷ್ಟು ಕೊಟ್ಟದ್ದಕ್ಕೆ ತಕ್ಕ ವ್ಯತ್ಯಾಸ ಕೇಳಿಸುತ್ತದೆಯೇ? ಅದರ 300 ಓಮ್‌ಗೆ ಆಂಪ್ಲಿಫೈಯರನ್ನೂ ಕೊಳ್ಳಲೇಬೇಕೇ? ನಮ್ಮದು ಹಂಚಿನ ಮನೆ, ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿರುತ್ತಾರೆ ಎಂಬುದನ್ನೂ ಗಮನದಲ್ಲಿಟ್ಟು ತಿಳಿದವರು ಹೇಳಬೇಕು.

ಉತ್ತರ: ಮಡಿಕೇರಿಯಿಂದ

ಹೊಸದನ್ನು ಕೊಳ್ಳುವ ಮಾತು ಆಮೇಲಿರಲಿ. ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು "ಕಳೆದ ಒಂದು ವರ್ಷದಿಂದ" ಎಂಬ ಮಾತು. ಮೊದಲ ಐದು ವರ್ಷ ಇದ್ದ ನಾದ ಈಗ ತೆಳುವಾಗಿದೆ ಎಂದರೆ ಹೆಡ್‌ಫೋನಿನಲ್ಲಿ ಏನೋ ಬದಲಾಗಿದೆ, ಮತ್ತು ಅದು ಬಹುಮಟ್ಟಿಗೆ ಕಿವಿಯ ಪ್ಯಾಡ್ ಆಗಿರಬೇಕು. ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನಿನಲ್ಲಿ ಕೆಳಗಿನ ಸ್ವರಗಳು ತುಂಬಿಕೊಂಡು ಕೇಳಬೇಕಾದರೆ ಪ್ಯಾಡ್ ಕಿವಿಯ ಸುತ್ತ ಗಾಳಿಯಾಡದಂತೆ ಕೂರಬೇಕು. ಒಳಗಿನ ಫೋಮ್ ಕುಗ್ಗಿ, ಮೇಲಿನ ರೆಕ್ಸಿನ್ ಬಿರುಕು ಬಿಟ್ಟಾಗ ಆ ಸಂದಿಯಿಂದ ಮೊದಲು ಸೋರಿಹೋಗುವುದು ಬೇಸ್. ಬೇಸ್ ಇಳಿದ ಮೇಲೆ ಉಳಿದ ಮೇಲಿನ ಸ್ವರಗಳು ತಾವಾಗಿಯೇ ಚುಚ್ಚತೊಡಗುತ್ತವೆ. ಕನ್ನಡಕ ಹಾಕುವವರಿಗೆ ಅದರ ಕಡ್ಡಿಯಿಂದಲೂ ಇದೇ ತೊಂದರೆ.

ಪರೀಕ್ಷೆ ಸುಲಭ. ವೀಣೆಯ ಒಂದು ಆಲಾಪನೆ ಹಾಕಿ, ಎರಡೂ ಅಂಗೈಗಳಿಂದ ಹೆಡ್‌ಫೋನಿನ ಎರಡು ಬದಿಗಳನ್ನು ತಲೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಅನುಮಂದ್ರ ಮರಳಿ ಬಂದರೆ ತಪ್ಪು ಪ್ಯಾಡಿನದೇ.

ಬೆಲೆಯ ವಿಷಯದಲ್ಲಿ ಒಂದು ಮಾತು. ಜೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಫ್ರೀಕ್ವೆನ್ಸಿ ರೆಸ್ಪಾನ್ಸ್ (ಯಾವ ಸ್ವರ ಎಷ್ಟು ಜೋರಾಗಿ ಕೇಳುತ್ತದೆ ಎಂಬುದು) ಪರಿಶೀಲಿಸಿ, ಅದಕ್ಕೂ ಮಾರಾಟದ ಬೆಲೆಗೂ ಸಂಬಂಧ ಕಾಣುವುದಿಲ್ಲ ಎಂದು 2017ರಲ್ಲಿ ಪ್ರಕಟಿಸಿದರು. ದುಬಾರಿಯವೆಲ್ಲ ವ್ಯರ್ಥ ಎಂದು ಇದರ ಅರ್ಥವಲ್ಲ. ಗಂಟೆಗಟ್ಟಲೆ ಹಾಕಿಕೊಂಡರೂ ನೋಯದಿರುವುದು, ಬಿಡಿಭಾಗ ಸಿಗುವುದು ಇವೆಲ್ಲಕ್ಕೂ ಬೆಲೆಯಿದೆ. ಆದರೆ ಹತ್ತು ಪಟ್ಟು ಹಣಕ್ಕೆ ಹತ್ತು ಪಟ್ಟು ನಾದ ಸಿಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಉತ್ತರ: ವಿರಾಜಪೇಟೆಯಿಂದ

ನಾನು ಎಚ್‌ಡಿ 650 ಬಳಸುವವನು, ಆದ್ದರಿಂದ ಅದರ ಪರವಾಗಿಯೂ ಯಾರಾದರೂ ಹೇಳಲೇಬೇಕು. ಮನ್ಸೂರರು ಉಸಿರು ಎಳೆದುಕೊಂಡು ತಾನಕ್ಕೆ ಹೊರಡುವ ಆ ಗಳಿಗೆ ಅದರಲ್ಲಿ ಎದುರಿಗೆ ಕೂತು ಕೇಳಿದಷ್ಟು ಹತ್ತಿರವಾಗುತ್ತದೆ; ಧ್ವನಿ ತಲೆಯೊಳಗೆ ಕೂಡಿಹಾಕಿದಂತೆ ಅನಿಸುವುದಿಲ್ಲ. ಆಂಪ್ಲಿಫೈಯರ್ ಇಲ್ಲದೆ ಆಗದು ಎಂಬ ಭಯ ಬೇಡ. 300 ಓಮ್ ಎಂದರೆ ಬಹಳ ವಿದ್ಯುತ್ ಹೀರುತ್ತದೆ ಎಂದಲ್ಲ, ಅದಕ್ಕೆ ವೋಲ್ಟೇಜ್ ಬೇಕು ಎಂದು. ಕಂಪನಿ ಕೊಟ್ಟಿರುವ ವಿವರದಂತೆ 1 ವೋಲ್ಟ್‌ಗೆ ಅದು 103 ಡೆಸಿಬೆಲ್ ಶಬ್ದ ಕೊಡುತ್ತದೆ. ನಿಮ್ಮ ಡಾಂಗಲ್ 1 ವೋಲ್ಟ್ ಕೊಡುವಂಥದ್ದಾದರೆ ಮನೆಯಲ್ಲಿ ಕೇಳಲು ಧಾರಾಳವಾಗಿ ಸಾಕು.

ಆದರೆ ಓಪನ್-ಬ್ಯಾಕ್ ಎಂದರೆ ಹೊರಗಿನದೆಲ್ಲ ಒಳಗೆ, ಒಳಗಿನದೆಲ್ಲ ಹೊರಗೆ. ನಿಮ್ಮ ವೀಣೆ ಪಕ್ಕದ ಕೋಣೆಗೆ ಸಣ್ಣಗೆ ಕೇಳಿಸಬಹುದು. ಅದಕ್ಕಿಂತ ದೊಡ್ಡದು ಮಳೆ. ಕಕ್ಕಡದಲ್ಲಿ, ಅಂದರೆ ನಮ್ಮ ಜೋರು ಮಳೆಯ ತಿಂಗಳಲ್ಲಿ, ಹಂಚಿನ ಮೇಲೆ ಮಳೆ ಹೊಯ್ಯುವಾಗ ತಂಬೂರಿಯ ಶ್ರುತಿ ಪೂರ್ತಿ ಮುಚ್ಚಿಹೋಗುತ್ತದೆ, ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ವಾರಕ್ಕೆ ನಾಲ್ಕೇ ಗಂಟೆ. ನೀವು ದಿನಕ್ಕೆ ಎರಡು ಗಂಟೆ ಕೇಳುವವರು, ಎರಡೇ ದಿನದಲ್ಲಿ ವಾರದ ಪಾಲು ಮುಗಿಯುತ್ತದೆ. ನಾನಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಕ್ಲೋಸ್ಡ್-ಬ್ಯಾಕ್ ಹಾಕಿಕೊಳ್ಳುತ್ತೇನೆ. ಹಾಗಾಗಿ ಕೊಂಡರೂ ಈಗಿರುವುದನ್ನು ಮಾರಬೇಡಿ.

ಪ್ರಶ್ನೆ ಕೇಳಿದವರಿಂದ

ಮಡಿಕೇರಿಯವರು ಹೇಳಿದಂತೆ ನಿನ್ನೆ ರಾತ್ರಿ ಅಂಗೈಯಿಂದ ಒತ್ತಿ ಹಿಡಿದು ಕೇಳಿದೆ. ಅನುಮಂದ್ರ ತಂತಿ ಮೊದಲಿನ ಗಾಂಭೀರ್ಯದೊಂದಿಗೆ ಮರಳಿ ಬಂತು. ಕೈ ಬಿಟ್ಟೊಡನೆ ಮತ್ತೆ ತೆಳುವಾಯಿತು. ಬೆಳಕಿಗೆ ಹಿಡಿದು ನೋಡಿದರೆ ಎಡಗಡೆಯ ಪ್ಯಾಡ್ ಒಂದು ಬದಿಯಲ್ಲಿ ಚಪ್ಪಟೆಯಾಗಿದೆ, ರೆಕ್ಸಿನ್ ಕಪ್ಪು ಹುಡಿಯಾಗಿ ಉದುರುತ್ತಿದೆ. ರಾತ್ರಿ ಕೆನ್ನೆಗೆ ಅಂಟಿರುತ್ತಿದ್ದ ಆ ಹುಡಿಯನ್ನು ಇಷ್ಟು ದಿನ ತೋಟದ ಧೂಳೆಂದೇ ಒರೆಸಿಕೊಳ್ಳುತ್ತಿದ್ದೆ.

ಉತ್ತರ: ಸೋಮವಾರಪೇಟೆಯಿಂದ

ಪ್ಯಾಡ್ ಆರು ವರ್ಷ ಬಾಳಿದ್ದು ನಮ್ಮ ಹವೆಯಲ್ಲಿ ಕಡಿಮೆಯೇನಲ್ಲ. ಕೃತಕ ಚರ್ಮ ತೇವಾಂಶದಿಂದ ಒಡೆದು ಸುಲಿಯುತ್ತದೆ, ಇಲ್ಲಿ ಅದಕ್ಕೆ ಬರವೇ? ಹೊಸ ಪ್ಯಾಡ್ ತರಿಸಿದ ಮೇಲೆ ಹೆಡ್‌ಫೋನನ್ನು ಗೋಡೆಯ ಮೊಳೆಗೆ ನೇತುಹಾಕಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ನೀಲಿ ಹರಳು ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಬೆವರಿನ ಒದ್ದೆ ಆರಿದ ಮೇಲೆಯೇ ಒಳಗಿಡಿ, ಇಲ್ಲದಿದ್ದರೆ ಡಬ್ಬಿಯೊಳಗೇ ಬೂಷ್ಟು ಹಿಡಿಯುತ್ತದೆ.

ಉತ್ತರ: ಮಡಿಕೇರಿಯಿಂದ

ಮುಂದೆ ಎಚ್‌ಡಿ 650 ಕೇಳಿ ನೋಡಲು ಮೈಸೂರಿಗೋ ಬೆಂಗಳೂರಿಗೋ ಹೋದರೆ, ಹೊಸ ಪ್ಯಾಡ್ ಹಾಕಿದ ನಿಮ್ಮ ಹೆಡ್‌ಫೋನನ್ನೂ ಒಯ್ಯಿರಿ, ನಿಮ್ಮದೇ ವೀಣೆಯ ಧ್ವನಿಮುದ್ರಣ ಹಾಕಿಸಿ. ಎರಡರ ಶಬ್ದವೂ ಒಂದೇ ಮಟ್ಟದಲ್ಲಿರಲಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಹಳೆಯ ಟೇಪಿನ ಮುದ್ರಣಗಳಲ್ಲಿ ಕೇಳುವ ಸುಯ್ ಎಂಬ ಸದ್ದು ಯಾವ ಹೆಡ್‌ಫೋನಿನಲ್ಲಿಯೂ ಹೋಗುವಂಥದ್ದಲ್ಲ, ಅದನ್ನು ದೋಷವೆಂದು ಎಣಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇವತ್ತು ಒಂದು ಜೊತೆ ಪ್ಯಾಡಿಗೆ ಬೇಡಿಕೆ ಕಳುಹಿಸಿದೆ. ಕೂಡಿಟ್ಟ ಹಣ ಹಾಗೆಯೇ ಇರಲಿ. ಹುತ್ತರಿ ಹಬ್ಬ ಕಳೆದು, ಮಳೆ ನಿಂತು, ಕಾಫಿ ಕೊಯ್ಲು ಜೋರಾಗುವ ಮುಂಚೆ ಮೈಸೂರಿಗೆ ಹೋಗುವುದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ, ಬಂದು ಇಲ್ಲಿಯೇ ಬರೆಯುತ್ತೇನೆ.